ಮನದ ನೋವಿಗೆ ಮನೆಯ ಮಾತು

ಹರೂರಿನ ಕಡೆಯಿಂದ ಬಸ್ಸು ಹತ್ತಿ ಬಂದ ತಾಯಿಯೊಬ್ಬಳು ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ಕುಳಿತಿದ್ದಾಳೆ. ಪಕ್ಕದಲ್ಲಿ ಎಂಟನೆಯ ತರಗತಿಯಲ್ಲಿ ಓದುವ ಮಗಳು. ತಾಯಿಯ ತವರು ಕೊಳ್ಳೇಗಾಲದ ಕಡೆ. ಮದುವೆಯಾಗಿ ಇತ್ತ ಬಂದು ಹದಿನೈದು ವರ್ಷಗಳು ಕಳೆದಿದ್ದರೂ ಸಂತೆಗೂ ಬಸ್ಸಿಗೂ ಬೇಕಾದಷ್ಟು ತಮಿಳು ಮಾತ್ರ ಆಕೆಗೆ ಒಲಿದಿದೆ. ವೈದ್ಯರು ತಮಿಳಿನಲ್ಲಿ ಕೇಳುತ್ತಾರೆ. ಮಗಳು ಅದನ್ನು ಕನ್ನಡದಲ್ಲಿ ತಾಯಿಗೆ ತಿಳಿಸುತ್ತಾಳೆ. ತಾಯಿಯ ಉತ್ತರವನ್ನು ಮತ್ತೆ ತಮಿಳಿಗೆ ತರುತ್ತಾಳೆ. ನಿದ್ದೆ, ಊಟ, ತಲೆನೋವುಗಳವರೆಗೆ ಎಲ್ಲವೂ ಸರಾಗವಾಗಿ ಸಾಗುತ್ತದೆ. ಅನಂತರ ವೈದ್ಯರು, ಬದುಕೇ ಸಾಕು ಎನಿಸಿದ್ದುಂಟೇ ಎಂದು ಕೇಳುತ್ತಾರೆ. ಮಗಳು ಒಂದು ಗಳಿಗೆ ಸುಮ್ಮನಾಗುತ್ತಾಳೆ. ಬಳಿಕ ತಾಯಿಯ ಕಡೆ ತಿರುಗಿ, “ತುಂಬಾ ಸುಸ್ತಾಗುತ್ತಾ ಅಂತ ಕೇಳ್ತಿದಾರಮ್ಮ” ಎನ್ನುತ್ತಾಳೆ. ತಾಯಿ ಹೌದೆಂದು ತಲೆಯಾಡಿಸುತ್ತಾಳೆ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಗಡಿನಾಡಿನ ಹಲವು ಮನೆಗಳ ಅನುಭವವನ್ನು ಒಟ್ಟಿಗಿಟ್ಟು ಬರೆದ ಚಿತ್ರ. ಇದರಲ್ಲಿ ತಪ್ಪಿತಸ್ಥರು ಯಾರೂ ಇಲ್ಲ. ವೈದ್ಯರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. ಮಗು ಸುಳ್ಳಾಡಬೇಕೆಂದು ಆಡಲಿಲ್ಲ. ಹೆತ್ತ ತಾಯಿಯನ್ನು ಅಂಥ ಮಾತು ಕೇಳಲು ಅದಕ್ಕೆ ನಾಲಗೆ ಏಳಲಿಲ್ಲ. ತಾಯಿಯೂ ಅಷ್ಟೇ: ಮಗಳಿಗೆ ಪ್ರಶ್ನೆ ಸರಿಯಾಗಿ ಕೇಳಲು ಬಂದಿದ್ದರೂ, ಅದೇ ಮಗಳ ಮುಂದೆ ನಿಜವನ್ನು ನುಡಿಯುತ್ತಿದ್ದಳೆಂದು ಹೇಳಲಾಗದು. ಮೂವರೂ ಪ್ರಾಮಾಣಿಕರೇ. ಆದರೂ ಹೇಳಬೇಕಾದುದು ಹೇಳದೆಯೇ ಉಳಿಯಿತು.

ಇಂಥ ಮನೆಗಳಿಗೆ ಈಗ ಇನ್ನೊಂದು ದಾರಿ ತೆರೆದಿದೆ. ಮೊಬೈಲಿನ ಮೂಲಕ, ಕನ್ನಡ ಬಲ್ಲ, ಅದಕ್ಕೆಂದೇ ಶಿಕ್ಷಣ ಪಡೆದ ಆಪ್ತಸಮಾಲೋಚಕರೊಡನೆ ನೇರವಾಗಿ ಮಾತನಾಡುವ ದಾರಿ ಅದು. ಆ ದಾರಿಯಲ್ಲಿ ಯಾರನ್ನು ನಂಬಬಹುದು, ಏನನ್ನು ನಿರೀಕ್ಷಿಸಬಹುದು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಸಂತೆಯ ಭಾಷೆ, ಸಂಕಟದ ಭಾಷೆ

ಎರಡು ಮೂರು ಭಾಷೆಗಳ ನಡುವೆ ಬಾಳುವುದು ನಮಗೆ ಹೊಸದಲ್ಲ. ಧರ್ಮಪುರಿ, ಕೃಷ್ಣಗಿರಿ, ಸೇಲಂ ಸೀಮೆಗಳಲ್ಲಿ ತಮಿಳು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ನೆರೆಹೊರೆಯಾಗಿ ಬದುಕಿಕೊಂಡು ಬಂದಿವೆ. ನಮ್ಮಲ್ಲಿ ಬಹುಪಾಲು ಜನ ತಮಿಳಿನಲ್ಲಿ ವ್ಯಾಪಾರ ಮಾಡಬಲ್ಲರು, ಕಚೇರಿಯಲ್ಲಿ ಅರ್ಜಿ ಸಲ್ಲಿಸಬಲ್ಲರು, ನೆರೆಯವರೊಡನೆ ನಗಬಲ್ಲರು. ಆದರೆ ದುಃಖಕ್ಕೆ ಬೇರೊಂದು ನಿಘಂಟು ಇದೆ. ಅದು ತಾಯಿಯ ಮಡಿಲಲ್ಲಿ ಕಲಿತದ್ದು.

“ಬೇಜಾರು” ಎಂಬ ಒಂದೇ ಮಾತನ್ನು ನೋಡಿ. ಆಟಕ್ಕೆ ಜೊತೆಯಿಲ್ಲದ ಮಗುವಿಗೂ ಬೇಜಾರು. ಗಂಡ ಗದರಿದಾಗ ಹೆಂಡತಿಗೂ ಬೇಜಾರು. ತಿಂಗಳುಗಟ್ಟಲೆ ಹಾಸಿಗೆಯಿಂದ ಏಳಲು ಮನಸ್ಸಿಲ್ಲದೆ, ಅಡುಗೆಮನೆಯ ಒಲೆಯನ್ನೇ ದಿಟ್ಟಿಸುತ್ತ ಕುಳಿತ ಹೆಣ್ಣುಮಗಳೂ ತನಗೆ ಆಗಿರುವುದು “ಬೇಜಾರು” ಎಂದೇ ಹೇಳುತ್ತಾಳೆ. ಮೊದಲನೆಯದು ಗಳಿಗೆಯ ಮಾತು, ಕೊನೆಯದು ಚಿಕಿತ್ಸೆ ಬೇಡುವ ಖಿನ್ನತೆ. ಯಾವ ಬೇಜಾರು ಯಾವುದೆಂದು ತಿಳಿಯಬೇಕಾದರೆ ಆ ಮಾತನ್ನು ಆಡಿದ ದನಿಯನ್ನು, ಅದರ ಹಿಂದುಮುಂದಿನ ಮೌನವನ್ನು ಬಲ್ಲವರು ಎದುರಿಗಿರಬೇಕು. “ಎದೆ ಧಸಕ್ಕೆನ್ನುತ್ತದೆ”, “ಜೀವ ಹಿಂಡಿದಂತಾಗುತ್ತದೆ”, “ಮನಸ್ಸು ಕಲ್ಲಾಗಿದೆ” ಎಂಬ ಮಾತುಗಳೂ ಹೀಗೆಯೇ. ಹುಣ್ಣನ್ನಾದರೆ ಬೆರಳಿಟ್ಟು ತೋರಿಸಬಹುದು, ಜ್ವರವನ್ನು ಅಳೆಯಬಹುದು. ಮನಸ್ಸಿನ ಬೇನೆಯನ್ನು ತೋರಿಸಲು ಮಾತಲ್ಲದೆ ಬೇರೆ ಸಾಧನ ರೋಗಿಯ ಬಳಿ ಇಲ್ಲ.

ಈ ಬೇನೆ ಅಪರೂಪದ್ದೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ತಮಿಳುನಾಡೂ ಸೇರಿದಂತೆ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತೆಂದೂ, 13ರಿಂದ 17 ವಯಸ್ಸಿನ ಮಕ್ಕಳಲ್ಲಿ ಈ ಪ್ರಮಾಣ ಸುಮಾರು ಶೇ. 7 ಎಂದೂ ಅದು ಕಂಡುಕೊಂಡಿತು. ಅದಕ್ಕಿಂತ ಕಳವಳಕಾರಿಯಾದುದು ಇನ್ನೊಂದು ಅಂಕಿ: ಬೇರೆಬೇರೆ ತೊಂದರೆಗಳಲ್ಲಿ ಚಿಕಿತ್ಸೆ ತಲುಪದೆ ಉಳಿದವರ ಪ್ರಮಾಣ ಶೇ. 70ರಿಂದ 92ರವರೆಗೆ ಇತ್ತು. ದೂರ, ಖರ್ಚು, ನಾಚಿಕೆ, ಅರಿವಿನ ಕೊರತೆ ಎಲ್ಲವೂ ಇದಕ್ಕೆ ಕಾರಣ. ನಮ್ಮಂಥವರಿಗೆ ಇವುಗಳ ಜೊತೆಗೆ ಭಾಷೆಯೂ ಒಂದು ಬೇಲಿ.

ಬೇನೆಯನ್ನು ಮುಚ್ಚಿಟ್ಟುದರ ಕೊನೆ ಎಲ್ಲಿಗೆ ಮುಟ್ಟಬಹುದೆಂಬುದನ್ನು ತಮಿಳುನಾಡು ಕಂಡಿದೆ. 2001ರ ಆಗಸ್ಟ್ 6ರಂದು ರಾಮನಾಥಪುರ ಜಿಲ್ಲೆಯ ಏರ್ವಾಡಿಯ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ಮಾನಸಿಕ ಅಸ್ವಸ್ಥರು ತಪ್ಪಿಸಿಕೊಳ್ಳಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ದೇವರಲ್ಲಿ ಹರಕೆ ಹೊರುವುದನ್ನು ಯಾರೂ ಬೇಡವೆನ್ನುವುದಿಲ್ಲ. ತೀರ್ಥಮಲೆಯ ಮೆಟ್ಟಿಲೇರಿ ಬಂದವರಿಗೆ ಮನಸ್ಸು ಹಗುರವಾದರೆ ಅದೂ ಒಳ್ಳೆಯದೇ. ಆದರೆ ಹರಕೆ ಚಿಕಿತ್ಸೆಯ ಜೊತೆಗಿರಬೇಕು, ಚಿಕಿತ್ಸೆಗೆ ಅಡ್ಡವಾಗಬಾರದು.

ಯಾರು ಈ ಸಮಾಜ ಕಾರ್ಯಕರ್ತರು?

ಮನಸ್ಸಿನ ವಿಷಯದಲ್ಲಿ ನೆರವು ನೀಡುವವರೆಲ್ಲರನ್ನೂ ನಾವು ಒಟ್ಟಾಗಿ “ಮನಸ್ಸಿನ ಡಾಕ್ಟರು” ಎಂದುಬಿಡುತ್ತೇವೆ. ವಾಸ್ತವದಲ್ಲಿ ಅವರೊಳಗೆ ಭೇದಗಳಿವೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗಗಳಲ್ಲಿ ಉನ್ನತ ಶಿಕ್ಷಣ ಪಡೆದವರು. ಮನೋರೋಗವನ್ನು ನಿರ್ಣಯಿಸಿ ಔಷಧ ಬರೆದುಕೊಡುವ ತಜ್ಞರು ಅವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮನಸ್ಸಿನ ಪರೀಕ್ಷೆಗಳನ್ನು ನಡೆಸಿ, ಮಾತಿನ ಮೂಲಕ ಚಿಕಿತ್ಸೆ ನೀಡುತ್ತಾರೆ. ಅವರ ನೋಂದಣಿ ಭಾರತೀಯ ಪುನರ್ವಸತಿ ಮಂಡಳಿಯಲ್ಲಿರುತ್ತದೆ. ಮೂರನೆಯವರು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ನಮ್ಮ ಮನೆಗಳಿಗೆ ಹೆಚ್ಚು ಅಪರಿಚಿತರು, ಆದರೆ ಬಹುಶಃ ಹೆಚ್ಚು ಬೇಕಾದವರು ಇವರೇ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಇವರನ್ನು ಸ್ಪಷ್ಟವಾಗಿ ಹೆಸರಿಸಿದೆ. ಸಮಾಜ ಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್., ಆ ಅವಧಿಯಲ್ಲಿ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳೊಡನೆ ತರಬೇತಿ: ಇದು ಕಾಯ್ದೆ ಹೇಳುವ ಅರ್ಹತೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್‌ಗಳು ಈ ಶಿಕ್ಷಣಕ್ಕೆ ಹೆಸರಾದವು. ಆದುದರಿಂದ ಕನ್ನಡ ಬಲ್ಲ ಸಮಾಜ ಕಾರ್ಯಕರ್ತರು ಸಿಗುವುದು ದುರ್ಲಭವೇನಲ್ಲ.

ಅಮೆರಿಕದಲ್ಲಿ ನೆಲೆಸಿದ ಬಂಧುಗಳಿಂದಲೋ ಜಾಹೀರಾತುಗಳಿಂದಲೋ “ಲೈಸೆನ್ಸ್ ಪಡೆದ ಕ್ಲಿನಿಕಲ್ ಸೋಷಿಯಲ್ ವರ್ಕರ್” ಎಂಬ ಮಾತನ್ನು ನಮ್ಮಲ್ಲಿ ಕೆಲವರು ಕೇಳಿರಬಹುದು. ಅಲ್ಲಿ ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯ ದೀರ್ಘ ತರಬೇತಿ ಮತ್ತು ಪರೀಕ್ಷೆಯ ಬಳಿಕ ಆಯಾ ರಾಜ್ಯವೇ ಪರವಾನಗಿ ಕೊಡುತ್ತದೆ. ಅದೇ ಹೆಸರಿನ ಪರವಾನಗಿಯನ್ನು ನಮ್ಮಲ್ಲಿ ಹುಡುಕಿ ಫಲವಿಲ್ಲ. ನಮ್ಮಲ್ಲಿ ಅದಕ್ಕೆ ಸಮೀಪದವರು ಮೇಲೆ ಹೇಳಿದ ಎಂ.ಫಿಲ್. ಪಡೆದ ಸಮಾಜ ಕಾರ್ಯಕರ್ತರು. 2021ರ ಆರೋಗ್ಯ ಸಂಬಂಧಿತ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯೂ ತನ್ನ ಪಟ್ಟಿಯಲ್ಲಿ ಈ ವೃತ್ತಿಯನ್ನು ಸೇರಿಸಿಕೊಂಡಿದೆ.

ಇವರ ಕೆಲಸದ ವೈಶಿಷ್ಟ್ಯವೇನು? 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಆರಂಭವಾದಂದಿನಿಂದ ನಮ್ಮ ದೇಶದಲ್ಲಿ ಸಮಾಜ ಕಾರ್ಯವೆಂಬುದು ಒಂದು ಶಾಸ್ತ್ರವಾಗಿ ಬೆಳೆದಿದೆ. ಒಬ್ಬ ಮನುಷ್ಯನ ನೋವನ್ನು ಅವನೊಳಗೆ ಮಾತ್ರ ಹುಡುಕಬಾರದು, ಅವನ ಮನೆ, ಸಾಲ, ಕೆಲಸ, ನೆಂಟಸ್ತನ, ಊರು ಇವುಗಳ ನಡುವೆ ಇಟ್ಟು ನೋಡಬೇಕು ಎಂಬುದು ಅದರ ತಿರುಳು. ನಮ್ಮ ವೈದ್ಯರಲ್ಲಿಯೂ ಕೆಲವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನೂ ಅಲ್ಲಿಯೇ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಭಾಗಿಗಳನ್ನಾಗಿ ಮಾಡಿದರು. ಮನೆಯವರು ಜೊತೆಗಿದ್ದ ರೋಗಿ ಬೇಗ ಮನೆಗೆ ಮರಳುತ್ತಾನೆ ಎಂಬ ಪಾಠ ಅಲ್ಲಿಂದ ದೇಶಕ್ಕೆ ದೊರೆಯಿತು.

ಫೋನಿನ ಆಚೆ ಬದಿಯಲ್ಲಿ

ಆನ್‌ಲೈನ್ ಆಪ್ತಸಮಾಲೋಚನೆಗೆ ನಮ್ಮ ದೇಶದಲ್ಲಿ ಬಲ ಬಂದುದು ಕೊರೋನಾ ಕಾಲದಲ್ಲಿ. 2020ರ ಮಾರ್ಚ್ 25ರಂದು ದೂರವೈದ್ಯಕೀಯದ ಮಾರ್ಗಸೂಚಿಗಳು ಹೊರಬಂದವು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ ಆರಂಭವಾಯಿತು. ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್. ತಮಿಳುನಾಡಿನಲ್ಲಿ ಇದೇ ಸೇವೆಯನ್ನು “ನಟ್ಪುಡನ್ ಉಂಗಳೋಡು” ಎಂಬ ಹೆಸರಿನಲ್ಲಿ ಜನರಿಗೆ ಪರಿಚಯಿಸಲಾಯಿತು. ಸ್ನೇಹದೊಂದಿಗೆ ನಿಮ್ಮ ಜೊತೆ ಎಂದು ಅದರ ಅರ್ಥ.

14416 ಎಂಬ ಸಂಖ್ಯೆಗೆ ಹಗಲಿರುಳೂ ಕರೆ ಮಾಡಬಹುದು. ಶುಲ್ಕವಿಲ್ಲ. 20 ಭಾಷೆಗಳಲ್ಲಿ ಸೇವೆಯಿದ್ದು, ಅವುಗಳಲ್ಲಿ ಕನ್ನಡವೂ ಒಂದು. ಕರೆ ಸೇರಿದೊಡನೆ ಭಾಷೆಯನ್ನು ಆರಿಸಿಕೊಳ್ಳುವಂತೆ ಯಂತ್ರದ ದನಿ ಹೇಳುತ್ತದೆ. ತಮಿಳುನಾಡಿನಲ್ಲಿರುವ ಕಾರಣಕ್ಕೆ ತಮಿಳನ್ನೇ ಆರಿಸಬೇಕೆಂದಿಲ್ಲ. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಹೆಚ್ಚಿನ ನೆರವು ಬೇಕೆನಿಸಿದರೆ ಅವರು ಕರೆಯನ್ನು ತಜ್ಞರಿಗೆ ಒಪ್ಪಿಸುತ್ತಾರೆ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗುವ ದಾರಿ ತೋರಿಸುತ್ತಾರೆ. ಆರಂಭವಾದ ಎರಡು ವರ್ಷಗಳೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಕರೆಗಳು ಈ ಸೇವೆಗೆ ಬಂದವು. ಕರೆ ಮಾಡಿದವರು ಒಬ್ಬಂಟಿಗರಲ್ಲ ಎಂಬುದಕ್ಕೆ ಇಷ್ಟು ಸಾಕು.

ಒಂದು ಕರೆಯಿಂದ ಎಲ್ಲವೂ ತೀರುವುದಿಲ್ಲ. ವಾರಕ್ಕೊಮ್ಮೆ, ಒಬ್ಬರೇ ಸಮಾಜ ಕಾರ್ಯಕರ್ತರೊಡನೆ, ಕೆಲವು ತಿಂಗಳು ಮಾತುಕತೆ ಮುಂದುವರಿಸಬೇಕಾದವರೂ ಇರುತ್ತಾರೆ. ಅಂಥವರು ಆಸ್ಪತ್ರೆ ಅಥವಾ ಸಂಸ್ಥೆಗಳ ಮೂಲಕ ವಿಡಿಯೊ ಕರೆಯಲ್ಲಿ ಭೇಟಿಯಾಗಬಹುದು. ಒಂದು ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮೊದಲ ಭೇಟಿಯಲ್ಲಿ ಬುದ್ಧಿವಾದವನ್ನು ನಿರೀಕ್ಷಿಸಬೇಡಿ. ಆಗ ನಡೆಯುವುದು ಹೆಚ್ಚಾಗಿ ಕೇಳುವ ಕೆಲಸ. ಮನೆಯಲ್ಲಿ ಯಾರು ಯಾರಿದ್ದಾರೆ, ಯಾರ ಮಾತು ನಡೆಯುತ್ತದೆ, ಹಣ ಯಾರ ಕೈಯಲ್ಲಿದೆ, ಯಾರು ಕುಡಿಯುತ್ತಾರೆ, ಯಾರ ಸಾವು ಇನ್ನೂ ಮರೆತಿಲ್ಲ ಎಂದು ವಿಚಾರಿಸುತ್ತ, ಸಮಾಜ ಕಾರ್ಯಕರ್ತರು ಮೂರು ತಲೆಮಾರುಗಳ ನಕ್ಷೆಯೊಂದನ್ನು ಕಾಗದದ ಮೇಲೆ ಬರೆದುಕೊಳ್ಳುವುದುಂಟು. ಅಜ್ಜಿಗಿದ್ದ ಬೇನೆ ಮೊಮ್ಮಗಳಲ್ಲಿ ಕಾಣಿಸಿಕೊಂಡಿರುವುದು, ಹಿರಿಯ ಮಗ ಊರು ಬಿಟ್ಟ ವರ್ಷವೇ ತಾಯಿಯ ನಿದ್ದೆ ಕೆಟ್ಟಿರುವುದು ಆ ನಕ್ಷೆಯಲ್ಲಿ ತಾನಾಗಿ ಎದ್ದು ಕಾಣುತ್ತದೆ.

ಮುಂದಿನ ಭೇಟಿಗಳಲ್ಲಿ ಸಣ್ಣ ಸಣ್ಣ ಕೆಲಸಗಳನ್ನು ಒಪ್ಪಿಸುತ್ತಾರೆ. ಮಲಗುವ ಹೊತ್ತನ್ನು ಗುರುತಿಟ್ಟುಕೊಳ್ಳುವುದು, ದಿನಕ್ಕೊಮ್ಮೆ ಮನೆಯಿಂದ ಹೊರಗೆ ಹೆಜ್ಜೆಯಿಡುವುದು, ನಿಲ್ಲಿಸಿಬಿಟ್ಟ ಒಂದು ಕೆಲಸವನ್ನು ಮತ್ತೆ ಹಿಡಿಯುವುದು ಇಂಥವು. ಇವು ಕ್ಷುಲ್ಲಕವೆನಿಸಬಹುದು. ಆದರೆ ಖಿನ್ನತೆಯಲ್ಲಿ ಮನಸ್ಸು ಸರಿಹೋದ ಮೇಲೆ ಕೆಲಸ ಮಾಡುತ್ತೇನೆಂದು ಕಾದು ಕುಳಿತರೆ ಅದು ಸರಿಹೋಗುವುದು ತಡವಾಗುತ್ತದೆ; ಕೈ ಕೆಲಸಕ್ಕೆ ತೊಡಗಿದಂತೆ ಮನಸ್ಸೂ ಹಿಂದೆಯೇ ಬರುತ್ತದೆ ಎಂಬುದು ಚಿಕಿತ್ಸಕರು ಒಪ್ಪಿದ ಮಾತು.

ಗಡಿಯ ಎರಡೂ ಬದಿಯ ಮನೆ

ನಮ್ಮ ಮನೆಗಳಿಗೆ ಆನ್‌ಲೈನ್ ವ್ಯವಸ್ಥೆ ಒದಗಿಸುವ ವಿಶೇಷ ಅನುಕೂಲವೊಂದಿದೆ. ಹರೂರು, ಧರ್ಮಪುರಿ ಕಡೆಯ ಎಷ್ಟೋ ಮನೆಗಳಲ್ಲಿ ತಂದೆ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿಯೋ ಕಾರ್ಖಾನೆಯಲ್ಲಿಯೋ ಇರುತ್ತಾನೆ. ತಾಯಿ ಮಕ್ಕಳೊಡನೆ ಇಲ್ಲಿ. ಆಕೆಯ ಅಣ್ಣತಮ್ಮಂದಿರು ಕಾವೇರಿಯ ಆಚೆ. ಎಲ್ಲರನ್ನೂ ಒಂದೇ ದಿನ ಒಂದೇ ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಬೇಕಾದರೆ ಒಬ್ಬರ ಕೂಲಿ, ಇನ್ನೊಬ್ಬರ ರಜೆ, ಮತ್ತೊಬ್ಬರ ಬಸ್ ಚಾರ್ಜು ಎಲ್ಲವೂ ಹೊಂದಿಬರಬೇಕು. ಹರೂರಿನಿಂದ ಜಿಲ್ಲಾ ಕೇಂದ್ರಕ್ಕೇ ಸುಮಾರು 40 ಕಿಲೋಮೀಟರ್ ಇರುವಾಗ ಬೆಂಗಳೂರಿನ ಮಾತೇನು?

ವಿಡಿಯೊ ಕರೆಯಲ್ಲಿ ಈ ಕೂಟ ಸಾಧ್ಯ. ಸಂಜೆ ಕೆಲಸ ಮುಗಿಸಿದ ತಂದೆ ಬೆಂಗಳೂರಿನ ತನ್ನ ಕೋಣೆಯಿಂದ ಸೇರಿಕೊಳ್ಳುತ್ತಾನೆ; ತಾಯಿ ಮನೆಯಿಂದ; ಸೋದರಮಾವ ತನ್ನ ಊರಿನಿಂದ. ಹೆಂಡತಿಯದು ಸೋಮಾರಿತನವೆಂದು ತಿಳಿದಿದ್ದ ಗಂಡ, ಅದು ಕಾಯಿಲೆಯೆಂದು ಬೇರೊಬ್ಬರ ಬಾಯಿಂದ ತನ್ನದೇ ಭಾಷೆಯಲ್ಲಿ ಕೇಳುತ್ತಾನೆ. ಕಳುಹಿಸಿದ ಹಣದ ಲೆಕ್ಕ ಕೇಳುವ ಫೋನಿಗೂ, ಊಟ ಮಾಡಿದೆಯಾ ಎಂದು ಕೇಳುವ ಫೋನಿಗೂ ಇರುವ ವ್ಯತ್ಯಾಸ ಅಂದು ಮನೆಯವರೆಲ್ಲರ ಮುಂದೆ ಮಾತಿಗೆ ಬರುತ್ತದೆ. ಅಮೃತಸರದಲ್ಲಿ ಡೇರೆ ಮಾಡಿದ ಕೆಲಸವನ್ನು ಇಲ್ಲಿ ಒಂದು ಮೊಬೈಲು ಒಂದಿಷ್ಟಾದರೂ ಮಾಡಬಲ್ಲದು.

ಶಾಲೆಯ ಮಕ್ಕಳ ಮಾತು

ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳ ಹೆಗಲ ಮೇಲೆ ಇತರರಿಗಿಲ್ಲದ ಹೊರೆಗಳಿವೆ. 2006ರ ತಮಿಳು ಕಲಿಕೆ ಕಾಯ್ದೆಯ ಪ್ರಕಾರ ತಮಿಳು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಗುತ್ತ 2015-16ರ ವೇಳೆಗೆ ಹತ್ತನೆಯ ತರಗತಿಯನ್ನು ಮುಟ್ಟಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ವಿನಾಯಿತಿ ಬೇಕೆಂಬ ಕೂಗು ನ್ಯಾಯಾಲಯದವರೆಗೆ ಹೋಯಿತು. ಆ ವಾದದ ಸರಿತಪ್ಪುಗಳೇನೇ ಇರಲಿ, ಒಂದು ವರ್ಷ ಇದ್ದ ನಿಯಮ ಮರುವರ್ಷ ಇರುವುದೋ ಇಲ್ಲವೋ ಎಂಬ ಅನಿಶ್ಚಿತತೆಯನ್ನು ಮೌನವಾಗಿ ಹೊತ್ತವರು ಮಕ್ಕಳು. ಹತ್ತನೆಯ ತರಗತಿಯ ನಂತರ ತಮಿಳು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಬೇಕಾದಾಗ, ಅದುವರೆಗೆ ತರಗತಿಯಲ್ಲಿ ಮುಂದಿದ್ದ ಹುಡುಗನೂ ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕುಳಿತುಬಿಡುತ್ತಾನೆ. ಅವನ ಬುದ್ಧಿ ಮಂಕಾಗಿಲ್ಲ. ಮಾತು ಸಿಕ್ಕುತ್ತಿಲ್ಲ, ಅಷ್ಟೇ. ಈ ವ್ಯತ್ಯಾಸವನ್ನು ಅವನಿಗೆ ತಿಳಿಹೇಳುವವರು ಬೇಕು.

ಪರೀಕ್ಷೆಯ ಹೊತ್ತಿನಲ್ಲಿ ಫೋನಿನ ಮೂಲಕ ಮಕ್ಕಳ ಕೈಹಿಡಿಯಬಹುದೆಂಬುದನ್ನು ತಮಿಳುನಾಡು ಸರ್ಕಾರವೇ ಮನಗಂಡಿದೆ. ನೀಟ್ ಪರೀಕ್ಷೆ ಬರೆದ ಒಂದು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ದೂರವಾಣಿಯಲ್ಲಿ ಆಪ್ತಸಮಾಲೋಚನೆ ನೀಡುವ ಕೆಲಸವನ್ನು ಅದು 2021ರಲ್ಲಿ ಕೈಗೆತ್ತಿಕೊಂಡಿತು. ನಮ್ಮ ಮಕ್ಕಳಿಗೂ ಆ ಕೈ ಬೇಕು, ಅವರ ಭಾಷೆಯಲ್ಲಿ ಬೇಕು.

ತಂದೆತಾಯಿಗಳೂ ಅಧ್ಯಾಪಕರೂ ಗಮನಿಸಬೇಕಾದ ಕುರುಹುಗಳು ಕೆಲವಿವೆ. ಎರಡು ವಾರಕ್ಕೂ ಮಿಕ್ಕಿ ನಿದ್ದೆ ಅಥವಾ ಊಟ ಏರುಪೇರಾಗುವುದು, ಇಷ್ಟಪಟ್ಟ ಆಟವನ್ನು ಬಿಡುವುದು, ಶಾಲೆಯ ಹೊತ್ತಿಗೆ ಪ್ರತಿದಿನ ಹೊಟ್ಟೆನೋವು ಬರುವುದು, ತನ್ನ ವಸ್ತುಗಳನ್ನು ಇತರರಿಗೆ ಹಂಚುವುದು, ತಾನಿಲ್ಲದಿದ್ದರೇ ಒಳ್ಳೆಯದೆಂಬ ಮಾತಾಡುವುದು. ಕೊನೆಯ ಮಾತು ಕಿವಿಗೆ ಬಿದ್ದರೆ ಅದನ್ನು ಅಲ್ಲಿಗೇ ಬಿಡಬಾರದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ, ಶಾಂತವಾಗಿ ಕೇಳಬೇಕು. ಕೇಳಿದರೆ ಅಂಥ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುವುದೆಂಬ ಭಯ ಹಲವರಲ್ಲಿದೆ. ತಜ್ಞರು ಅದನ್ನು ಒಪ್ಪುವುದಿಲ್ಲ. ಕೇಳಿಸಿಕೊಂಡ ಮಗುವಿಗೆ ಹೆಚ್ಚಾಗಿ ಸಮಾಧಾನವೇ ಆಗುತ್ತದೆ.

ಗುಟ್ಟು ಮತ್ತು ಅದರ ಎಲ್ಲೆ

“ಹೇಳಿದರೆ ಮಾನ ಹೋಗುತ್ತದೆ” ಎಂಬ ಅಂಜಿಕೆ ನಮ್ಮ ಊರುಗಳಲ್ಲಿ ಬಲವಾದುದು. ಆದುದರಿಂದ ಕಾನೂನು ಏನು ಹೇಳುತ್ತದೆ ಎಂಬುದು ತಿಳಿದಿರಲಿ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಸೆಕ್ಷನ್ ಚಿಕಿತ್ಸೆ ಪಡೆಯುವವರ ವಿಷಯವನ್ನು ಗೋಪ್ಯವಾಗಿಡುವುದು ಅವರ ಹಕ್ಕೆಂದು ಸಾರುತ್ತದೆ. ಚಿಕಿತ್ಸೆಗೆ ಒಪ್ಪಿಗೆ ಪಡೆಯುವಾಗ ಅದರ ಲಾಭ, ಅಪಾಯ, ಬದಲಿ ದಾರಿ ಎಲ್ಲವನ್ನೂ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಭಾಷೆ ಇಲ್ಲಿ ಯಾರದೋ ಔದಾರ್ಯವಲ್ಲ, ಹಕ್ಕಿನ ಭಾಗ.

ಗುಟ್ಟಿಗೂ ಎಲ್ಲೆಯಿದೆ. ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದರೆ ಸಮಾಲೋಚಕರು ಮನೆಯವರಿಗೋ ಆಸ್ಪತ್ರೆಗೋ ತಿಳಿಸಬೇಕಾಗುತ್ತದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ವರದಿ ಮಾಡುವುದು ಕಡ್ಡಾಯ. ಒಳ್ಳೆಯ ಸಮಾಲೋಚಕರು ಈ ಎಲ್ಲೆಗಳನ್ನು ಮೊದಲ ದಿನವೇ ಹೇಳಿಬಿಡುತ್ತಾರೆ.

ಸಮಾಲೋಚಕರ ಬದಿಯಲ್ಲಿ ಗುಟ್ಟು ಉಳಿದರೂ ನಮ್ಮ ಬದಿಯಲ್ಲಿ ಅದು ಸೋರಬಹುದು. ಎರಡು ಕೋಣೆಗಳ ಮನೆಯಲ್ಲಿ ಅತ್ತೆ, ಮಾವ, ಮಕ್ಕಳ ನಡುವೆ ಮನಬಿಚ್ಚಿ ಮಾತನಾಡುವುದು ಹೇಗೆ? ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಕೇಳುವ ಪ್ರಶ್ನೆಯಾದರೂ ಇತರರಿಗೆ ಕೇಳಿಸದು. ಮಕ್ಕಳು ಶಾಲೆಗೆ ಹೋದ ಹೊತ್ತನ್ನು ಗೊತ್ತುಮಾಡಿಕೊಳ್ಳಬಹುದು. ಹೊಲದ ಬದುವಿನ ಮೇಲೆ, ಮರದ ನೆರಳಿನಲ್ಲಿ ಕುಳಿತು ಮಾತನಾಡಬಹುದು. ಮಾತಿನ ನಡುವೆ ಯಾರಾದರೂ ಬಂದರೆ ಬಳಸಲು ಒಂದು ಸಂಕೇತದ ಮಾತನ್ನು ಮೊದಲೇ ಒಪ್ಪಿಕೊಳ್ಳಬಹುದು. ವಿಡಿಯೊ ನಿಂತುಹೋದರೆ ಸಾಮಾನ್ಯ ಕರೆಯಲ್ಲಿ ಮುಂದುವರಿಸುವ ಏರ್ಪಾಡೂ ಇರಲಿ. ಮನೆಯಲ್ಲಿರುವುದು ಒಂದೇ ಮೊಬೈಲ್, ಅದು ಮಗನ ಕೈಯಲ್ಲಿದೆ ಎಂದಾದರೆ, ವಾರಕ್ಕೊಂದು ಗಂಟೆ ಅದು ತಾಯಿಯದೆಂದು ಮನೆಯವರು ಒಪ್ಪಬೇಕು.

ಆಯ್ಕೆಗೆ ಮುನ್ನ, ಆಪತ್ತಿನಲ್ಲಿ

ಮೊಬೈಲಿನಲ್ಲಿ ಇಂದು ಸಲಹೆಗಾರರಿಗೆ ಬರವಿಲ್ಲ. ಕೆಲವು ದಿನಗಳ ತರಬೇತಿಯ ಪ್ರಮಾಣಪತ್ರ ಹಿಡಿದು ಚಿಕಿತ್ಸಕರೆಂದು ಹೇಳಿಕೊಳ್ಳುವವರೂ ಇದ್ದಾರೆ. ಹಣ ಕೊಡುವ ಮೊದಲು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಯಾವ ಪದವಿ, ಯಾವ ವಿಶ್ವವಿದ್ಯಾಲಯ? ಮೇಲ್ವಿಚಾರಣೆಯ ತರಬೇತಿ ಯಾವ ಆಸ್ಪತ್ರೆಯಲ್ಲಿ? ನೋಂದಣಿ ಎಲ್ಲಿದೆ? ಕನ್ನಡದಲ್ಲಿ ಪೂರ್ತಿ ಮಾತುಕತೆ ನಡೆಸುವಿರಾ? ಒಂದು ಭೇಟಿಗೆ ಎಷ್ಟು ಶುಲ್ಕ? ಕರೆಯನ್ನು ದಾಖಲಿಸಿಕೊಳ್ಳುತ್ತೀರಾ? ಅರ್ಹರಾದವರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಇಷ್ಟೇ ವಾರದಲ್ಲಿ ಗುಣಪಡಿಸುತ್ತೇನೆ ಎನ್ನುವವರಿಂದಲೂ, ಮನೋವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿ ಎನ್ನುವವರಿಂದಲೂ ದೂರವಿರಿ. ಸಮಾಜ ಕಾರ್ಯಕರ್ತರು ಔಷಧ ಬರೆಯುವವರಲ್ಲ. ಬೇಕಾದಾಗ ಮನೋವೈದ್ಯರ ಬಳಿಗೆ ಕಳುಹಿಸುವುದೂ ಅವರ ಕೆಲಸದ ಭಾಗವೇ.

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಟ್ಟ ಬಳಿಕ, ಮಗು ಏನು ಹೇಳಿತೆಂದು ಬಾಗಿಲ ಹಿಂದೆ ನಿಂತು ಕೇಳಬೇಡಿ.

ಓದಿ ತಿಳಿಯಬಯಸುವವರಿಗೆ ಕನ್ನಡದಲ್ಲಿ ಒಳ್ಳೆಯ ಆಸರೆಯಿದೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದು, 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳ ಬಗೆಗೆ ಸರಳ ಕನ್ನಡದಲ್ಲಿ ಬಹಳಷ್ಟು ಪುಸ್ತಕಗಳನ್ನು ಬರೆದಿದ್ದಾರೆ. ಶಾಲೆಯ ಗ್ರಂಥಾಲಯಗಳು ಅವುಗಳಲ್ಲಿ ಕೆಲವನ್ನಾದರೂ ತರಿಸಿಡುವುದು ಲೇಸು.

ಎಲ್ಲಕ್ಕೂ ಆನ್‌ಲೈನ್ ಸಾಲದು. ಇಲ್ಲದ ದನಿಗಳು ಕೇಳಿಸುವವರು, ದಿನಗಟ್ಟಲೆ ನಿದ್ದೆಯಿಲ್ಲದೆ ಅಲೆಯುವವರು, ಊಟ ನೀರು ಬಿಟ್ಟವರು, ಕುಡಿತವನ್ನು ಹಠಾತ್ತನೆ ನಿಲ್ಲಿಸಿ ನಡುಗುತ್ತಿರುವವರು, ಪ್ರಾಣ ಕಳೆದುಕೊಳ್ಳುವ ಯೋಚನೆಯಲ್ಲಿರುವವರು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅವರನ್ನು ಒಬ್ಬಂಟಿಯಾಗಿ ಬಿಡಬಾರದು. ತುರ್ತಾದಾಗ 108ಕ್ಕೆ ಕರೆ ಮಾಡಿ. ಮಕ್ಕಳಿಗೆ ಸಂಬಂಧಿಸಿದ ಆಪತ್ತಿಗೆ 1098. ಕೃಷಿಕರ ಮನೆಗಳಲ್ಲಿ ಇನ್ನೊಂದು ಮುನ್ನೆಚ್ಚರಿಕೆ ಅಗತ್ಯ: ಕೀಟನಾಶಕವನ್ನು ಕೈಗೆ ಸಿಗುವಂತೆ ಇಡದೆ ಬೀಗ hಾಕಿದ ಪೆಟ್ಟಿಗೆಯಲ್ಲಿಡಿ. 1986ರಲ್ಲಿ ಚೆನ್ನೈನಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರು ಸ್ಥಾಪಿಸಿದ “ಸ್ನೇಹಾ” ಸಂಸ್ಥೆ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಊರಿಗೊಂದು ಬೀಗವಿರುವ ದಾಸ್ತಾನು ಏರ್ಪಡಿಸಿ ಪರೀಕ್ಷಿಸಿದ ದಾರಿ ಇದೇ. ಕೆಟ್ಟ ಗಳಿಗೆ ಕಳೆದುಹೋಗಲು ಬೇಕಾದಷ್ಟು ಹೊತ್ತನ್ನು ಒಂದು ಬೀಗ ದೊರಕಿಸಿಕೊಡುತ್ತದೆ.

ಮೊದಲಿಗೆ ಕಂಡ ಆ ಮಗಳ ಬಳಿಗೆ ಮರಳೋಣ. ಅವಳು ಜಾಣೆ, ಎರಡು ಭಾಷೆಗಳನ್ನೂ ಚೆನ್ನಾಗಿ ಬಲ್ಲವಳು. ಪಡಿತರ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ತಾಲೂಕು ಕಚೇರಿಯಲ್ಲಿ ಅವಳು ತಾಯಿಗೆ ನಾಲಗೆಯಾಗಲಿ. ಅದರಿಂದ ಅವಳಿಗೆ ಧೈರ್ಯವೇ ಬೆಳೆಯುತ್ತದೆ. ಆದರೆ ತಾಯಿಯ ಕಣ್ಣೀರನ್ನು ಭಾಷಾಂತರಿಸುವ ಕೆಲಸ ಮಗುವಿನದಲ್ಲ. ಅದಕ್ಕೆ ಕಲಿತವರಿದ್ದಾರೆ, ಅವರಲ್ಲಿ ಕನ್ನಡ ಬಲ್ಲವರಿದ್ದಾರೆ, ಒಂದು ಕರೆಯ ದೂರದಲ್ಲಿದ್ದಾರೆ. ಮನೆಯ ಹಿರಿಯರು ಆ ಸಂಖ್ಯೆಯನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಲಿ. ತಾಯಿ ಒಳಗೆ ತನ್ನ ಮಾತಿನಲ್ಲಿ ತನ್ನ ನೋವನ್ನು ಹೇಳಿಕೊಳ್ಳುತ್ತಿರುವ ಆ ಒಂದು ಗಂಟೆ, ಮಗಳು ಹೊರಗೆ ಗೆಳತಿಯರೊಡನೆ ಆಡುತ್ತಿರಲಿ.